ಹ್ಯಾರಿಯರ್ ಬೇಕಾದರೆ ಕುರಿಹಿಂಡಿನ ಜತೆ ನಡೆಯಬೇಕು

ಹ್ಯಾರಿಯರ್ ಅಂದರೆ ಚಳಿಗಾಲಕ್ಕೆ ನಮ್ಮ ಹೊಲಗಳಿಗೆ ಬರುವ ಒಂದು ಬಗೆಯ ಹದ್ದು, ಅದರ ಫೋಟೋ ತೆಗೆಯುವ ಹುಚ್ಚು ನನಗೆ. ಕುರಿ ಬಂದಲ್ಲಿ ಹಕ್ಕಿ ನಿಲ್ಲುವುದಿಲ್ಲ ಅಂತ ಹುಬ್ಬಳ್ಳಿ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು. "ಹಿಂಡಿನ ಧೂಳು, ನಾಯಿ, ಗಂಟೆ ಸಪ್ಪಳ, ಇಷ್ಟರ ನಡುವೆ ಹ್ಯಾರಿಯರ್ ಬರತೈತೇನ್ರೀ?" ಅಂತ ನಕ್ಕವರೇ ಈಗ ಹೋದ ಮಾಗಿಯಲ್ಲಿ ತೆಗೆದ ಗಂಡು ಪ್ಯಾಲಿಡ್ ಹ್ಯಾರಿಯರ್ ಚಿತ್ರ ನೋಡಿ "ಎಷ್ಟು ಕ್ರಾಪ್ ಮಾಡೀರಿ?" ಅಂತ ಫೋನ್ ಮಾಡುತ್ತಿದ್ದಾರೆ. ಕ್ರಾಪ್ ಮಾಡಿಲ್ಲ, ಅಂದರೆ ಅಂಚು ಕತ್ತರಿಸಿ ಹಕ್ಕಿಯನ್ನು ದೊಡ್ಡದು ಮಾಡಿಲ್ಲ. ರೆಕ್ಕೆ ಫ್ರೇಮಿನ ಆಚೆ ಹೋಗುತ್ತದೆ ಅಂತ ಜೂಮ್ ಲೆನ್ಸನ್ನು 500 ಎಂಎಂನಿಂದ 350ರ ಆಸುಪಾಸಿಗೆ ಎಳೆದುಕೊಂಡಿದ್ದೆ. ಹಕ್ಕಿ ಹದಿನೈದು ಹದಿನಾರು ಮೀಟರ್ ದೂರದಲ್ಲಿ, ನನ್ನ ಕಣ್ಣಿನ ಮಟ್ಟದಲ್ಲೇ ಹಾರಿ ಬಂದಿತ್ತು.

ನಾನಿರುವುದು ಗದಗಿನಲ್ಲಿ. ಪಂಪಸೆಟ್ ರಿಪೇರಿ ಅಂಗಡಿ ಇದೆ, ಹತ್ತಕ್ಕೆ ಶಟರ್ ಎತ್ತಲೇಬೇಕು. ಹಾಗಾಗಿ ನನ್ನ ಆಟವೆಲ್ಲ ಬೆಳಗಿನದು. ಅದೇ ಅನುಕೂಲವಾಯಿತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಎರಿಹೊಲಗಳಿಗೆ, ಅಂದರೆ ಕರಿ ಮಣ್ಣಿನ ಹೊಲಗಳಿಗೆ, ಅಕ್ಟೋಬರದಿಂದ ಮಾಂಟೆಗೂ ಮತ್ತು ಪ್ಯಾಲಿಡ್ ಎಂಬ ಎರಡು ಬಗೆಯ ಹ್ಯಾರಿಯರ್ ಬರುತ್ತವೆ, ಮಾರ್ಚ್ ಮುಗಿಯುವ ಹೊತ್ತಿಗೆ ಬಹುಪಾಲು ಖಾಲಿ. ಕಂದು ಬಣ್ಣದ ಹೆಣ್ಣು, ಮರಿಗಳು ಅಷ್ಟೇನೂ ಅಂಜುವುದಿಲ್ಲ, ಕಿತ್ತಳೆ ಹೊಟ್ಟೆಯ ಮರಿಯಂತೂ ಬೈಕಿನ ಪಕ್ಕದಲ್ಲೇ ಹೋಗಿಬಿಡುತ್ತದೆ. ಬೆಳ್ಳಗಿನ ಗಂಡಿನದೇ ಗೋಳು. ಇನ್ನೂರು ಮೀಟರ್ ಆಚೆಯೇ ನಿಮ್ಮನ್ನು ನೋಡಿ ಸಾಲು ಬದಲಿಸುತ್ತದೆ. ನಾಲ್ಕೈದು ವರ್ಷ ನನ್ನ ಹಾರ್ಡ್‌ಡಿಸ್ಕ್ ತುಂಬ ಗಂಡು ಹ್ಯಾರಿಯರ್‌ನ ಬೆನ್ನೇ ಇತ್ತು.

ಮೊದಲು ಕಾರಿನಲ್ಲಿ ಕೂತು ನೋಡಿದೆ. ಬೆಂಗಳೂರು ಹತ್ತಿರದ ಹೆಸರಘಟ್ಟದ ಕಡೆಯವರು ಕಾರಿನ ಕಿಟಕಿಯಿಂದಲೇ ಒಳ್ಳೊಳ್ಳೆಯ ಚಿತ್ರ ತೆಗೆದದ್ದು ನೋಡಿ ಆಸೆ ಹುಟ್ಟಿತ್ತು. ಅಲ್ಲಿ ಹುಲ್ಲುಗಾವಲಿನ ನಡುವೆಯೇ ದಾರಿಗಳು. ನಮ್ಮಲ್ಲಿ ದಾರಿ ಒಂದು ಕಡೆ, ಹಕ್ಕಿ ಒಂದು ಕಡೆ. ಹಿಂಗಾರಿ ಮಳೆಯಾದ ಮರುದಿನ ಕಾರು ಎರಿಯಲ್ಲಿ ಹೂತರೆ ಎಳೆಯಲು ಟ್ರ್ಯಾಕ್ಟರ್ ಬೇಕು, ಟ್ರ್ಯಾಕ್ಟರಿನವನು ಕೇಳಿದಷ್ಟು ಕೊಡಬೇಕು. ಒಂದು ಚಳಿಗಾಲದಲ್ಲಿ ಎಳೆಸಿದ ಖರ್ಚೇ ಮೂರು ಸಾವಿರದ ಹತ್ತಿರ ಆಯಿತು.

ಆಮೇಲೆ ಆನ್‌ಲೈನಿನಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ಕ್ಯಾಮೊಫ್ಲಾಜ್ ಟೆಂಟ್ ತರಿಸಿದೆ. ಅದರ ಮೇಲೆ ಹಸಿರು ಎಲೆಗಳ ಚಿತ್ರ. ನಮ್ಮ ಹೊಲದಲ್ಲಿ ಗಿಡವೇ ಇಲ್ಲ! ಬಟಾಬಯಲಿನ ಕರಿ ಮಣ್ಣಿನಲ್ಲಿ ಹಸಿರು ಗುಡಾರ ಮೈಲಿ ದೂರದಿಂದ ಕಾಣುತ್ತಿತ್ತು. ಹ್ಯಾರಿಯರ್ ಸುತ್ತು ಹಾಕಿ ಹೋಗುತ್ತಿತ್ತು, ಊರ ಹುಡುಗರು ಮಾತ್ರ ನೆಟ್ಟಗೆ ಬರುತ್ತಿದ್ದರು. ಗಾಳಿಯ ಮಾತು ಬೇಡ. ಕಪ್ಪತಗುಡ್ಡದ ಸಾಲಿನಲ್ಲಿ ಇಷ್ಟು ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಎರಡನೇ ವಾರಕ್ಕೆ ಟೆಂಟಿನ ಒಂದು ಕೋಲು ಮುರಿಯಿತು. ಅದಾದ ಮೇಲೆ ಗೋಣಿನಾರು ಹೊಲಿದ ಗಿಲ್ಲಿ ಸೂಟ್ ಎಂಬ ಮರೆವೇಷ ತೊಟ್ಟು ಮಲಗಿದೆ. ಉಳ್ಳಾಗಡ್ಡಿ ರೇಟು ಏರಿದ್ದ ವರ್ಷ ಅದು, ಹೊಲದಲ್ಲಿ ಕಳವು ನಡೆಯುತ್ತಿತ್ತು. ಬೆಳಗಿನ ಐದೂವರೆಗೆ ಬದುವಿನಲ್ಲಿ ರೋಮದ ಆಕೃತಿಯೊಂದು ಮಲಗಿದ್ದು ಕಂಡರೆ ರೈತ ಏನು ಮಾಡುತ್ತಾನೆ? ಬಡಿಗೆ ಹಿಡಿದೇ ಬಂದ. ನನ್ನ ಅಂಗಡಿಯಲ್ಲಿ ಮೋಟರ್ ವೈಂಡಿಂಗ್ ಮಾಡಿಸಿಕೊಂಡು ಹೋದವನಾಗಿದ್ದರಿಂದ ಬದುಕಿದೆ.

ಸಂಜೆ ಹುಲ್ಲಿನಲ್ಲಿ ಹ್ಯಾರಿಯರ್‌ಗಳು ಒಟ್ಟಿಗೆ ಇಳಿಯುವ ಜಾಗ ಕಾಯುವ ದಾರಿಯೂ ಇದೆ. ಅವು ಇಳಿಯುವ ಹೊತ್ತಿಗೆ ಬೆಳಕು ಸತ್ತಿರುತ್ತದೆ, ಐಎಸ್ಒ (ಬೆಳಕು ಹಿಡಿಯುವ ಕ್ಯಾಮೆರಾದ ಸೂಕ್ಷ್ಮತೆ) 6400 ದಾಟುತ್ತದೆ, ಚಿತ್ರ ಕಾಳುಕಾಳಾಗುತ್ತದೆ. ಮೇಲಾಗಿ ಒಮ್ಮೆ ಎಬ್ಬಿಸಿದರೆ ಕತ್ತಲಲ್ಲಿ ಅವು ಎಲ್ಲಿ ಹೋಗಬೇಕು? ಅದನ್ನು ನಾನು ಮಾಡುವುದಿಲ್ಲ, ಗೂಡಿನ ಚಿತ್ರವನ್ನೂ ತೆಗೆಯುವುದಿಲ್ಲ. ಫೋಟೋಕ್ಕೆ ಅಂತ ಬಿಳಿ ಇಲಿ ಬಿಟ್ಟು ಹದ್ದು ಇಳಿಸುವವರ ಬಗ್ಗೆ ಬರೆಯಲು ಹೋದರೆ ಬೈಗುಳವಾದೀತು, ಬಿಟ್ಟುಬಿಡುತ್ತೇನೆ.

ಕುರಿಯ ವಿಚಾರ ಹೊಳೆದದ್ದು ಅದೇ ಟೆಂಟಿನ ಕಿಂಡಿಯಿಂದ. ಹೆಸರು ಕಿತ್ತ ಹೊಲದಲ್ಲಿ ಹಿಂಡೊಂದು ಮೇಯುತ್ತ ಹೋಗುತ್ತಿತ್ತು. ಅದರ ಅಂಚಿನಲ್ಲೇ, ಕುರುಬನಿಂದ ಇಪ್ಪತ್ತು ಹೆಜ್ಜೆಗೆ, ಗಂಡು ಮಾಂಟೆಗೂ ಆರಾಮಾಗಿ ಅಡ್ಡಾಡುತ್ತಿದೆ! ಕುರಿ ಕಾಲಿಟ್ಟಲ್ಲೆಲ್ಲ ಮಿಡತೆ ಹಾರುತ್ತವೆ, ನೆಲಗುಬ್ಬಿ, ಪಿಪಿಟ್‌ನಂಥ ನೆಲದ ಸಣ್ಣ ಹಕ್ಕಿ ಏಳುತ್ತವೆ. ಬೆಳ್ಳಕ್ಕಿ ಎಮ್ಮೆಯ ಹಿಂದೆ ಹೋಗುವುದು ಎಲ್ಲರಿಗೂ ಗೊತ್ತು, ಇದೂ ಅದೇ ಲೆಕ್ಕ. ಕೆಸ್ಟ್ರೆಲ್ ಎಂಬ ಸಣ್ಣ ಚಾಣ ಹಿಂಡಿನ ಬೆನ್ನ ಮೇಲೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತಿತ್ತು. ಹಕ್ಕಿಗೆ ಹೆದರಿಕೆ ಇದ್ದದ್ದು ಮನುಷ್ಯನದಲ್ಲ, ಹೊಲದಲ್ಲಿ ಕೆಲಸವಿಲ್ಲದ ಮನುಷ್ಯನದು.

ಆ ಹಟ್ಟಿಯ ಹಿರಿಯರನ್ನು ಮಾತಾಡಿಸಿದೆ. ಇನ್ನೂರು ರೂಪಾಯಿ ಕೊಡಲು ಹೋದರೆ ನಕ್ಕರು.

"ಸಾವ್ಕಾರ್ರ, ಈ ಹದ್ದಿನ ಫೋಟೋ ಮಾರಿದ್ರ ಎಷ್ಟ್ ಬರತೈತ್ರೀ?"

"ಏನೂ ಬರೂದಿಲ್ಲ ಕಾಕಾ, ನನ್ನ ಕೈಯಿಂದನ ಹೋಗತೈತಿ."

"ಮತ್ತ ಯಾಕ ತಗೀತೀರಿ? ನನ್ನ ಟಗರಿಂದು ತಗೀರಿ, ಕೂಲಿ ನಾನ ಕೊಡತೇನಿ."

ಹಾಗೆ ಕರಾರು ಆಯಿತು. ಅವರ ಕಾಳಗದ ಟಗರಿನ ಚಿತ್ರ ತೆಗೆದು ಫ್ಲೆಕ್ಸ್ ಮಾಡಿಸಿ ಕೊಟ್ಟೆ, ಐದುನೂರು ಚಿಲ್ಲರೆ ಆಯಿತು. ಜೀವನದಲ್ಲಿ ನನ್ನ ಯಾವ ಹಕ್ಕಿ ಚಿತ್ರವೂ ಅಷ್ಟು ದೊಡ್ಡದಾಗಿ ಪ್ರಿಂಟ್ ಆಗಿಲ್ಲ. ಆಮೇಲೆ ಒಂದು ಒಳ್ಳೆಯ ಬ್ಯಾಟರಿ (ಟಾರ್ಚ್), ಆಗಾಗ ಮೊಬೈಲ್ ರಿಚಾರ್ಜ್. ಕಾರು ಎಳೆಸಿದ ಖರ್ಚಿನ ಅರ್ಧವೂ ಆಗಲಿಲ್ಲ.

ನಾಯಿಗಳದ್ದು ದೊಡ್ಡ ಕತೆ. ಕುರಿಹಟ್ಟಿಯ ನಾಯಿ ಹೊಸಬನನ್ನು ಒಳಗೆ ಬಿಡುವುದಿಲ್ಲ. ನಾನು ಅವುಗಳನ್ನು ಹೇಗೆ ಒಲಿಸಿಕೊಂಡೆ ಅಂತ ಇಲ್ಲಿ ಬರೆಯುವುದಿಲ್ಲ, ಅಷ್ಟಾದರೂ ನನ್ನ ಹತ್ತಿರ ಇರಲಿ. ಬಿಸ್ಕೀಟು ಅಲ್ಲ ಅಂತ ಮಾತ್ರ ಹೇಳುತ್ತೇನೆ.

ಉಡುಪು: ಕರಿ ಕಂಬಳಿ, ಕೊಪ್ಪೆ ಹಾಕಿಕೊಂಡು. ಹದಿನೆಂಟುನೂರಕ್ಕೆ ತಂದೆ. ಕ್ಯಾಮೆರಾ, ಲೆನ್ಸ್ ಎರಡೂ ಅದರೊಳಗೆ. ಟ್ರೈಪಾಡ್, ಮೊನೊಪಾಡ್ ಎರಡೂ ಬೇಡ. ಮೂರು ಕಾಲು ಕಂಡರೆ ಹಿಂಡೂ ಬೆದರುತ್ತದೆ, ಹಕ್ಕಿಯೂ ಬೆದರುತ್ತದೆ. ನನ್ನದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ500 ಕ್ಯಾಮೆರಾ, ಜತೆಗೆ 200-500 ಜೂಮ್ ಲೆನ್ಸ್. ಎರಡೂ ಸೇರಿ ಒಂದೂಕಾಲು ಲಕ್ಷದ ಮೇಲೆ ಬಿತ್ತು, ಮನೆಯಲ್ಲಿ ತೊಂಬತ್ತು ಅಂತ ಹೇಳಿದ್ದೇನೆ. ಲೆನ್ಸೇ ಎರಡು ಕೆಜಿ ಮೀರಿ ತೂಗುತ್ತದೆ, ಮೊಣಕಾಲ ಮೇಲೆ ಇಟ್ಟುಕೊಂಡು ಕೂರಬೇಕು. ಹಿಂಡು ನಡೆದಾಗ ನಡೆಯಬೇಕು, ನಿಂತಾಗ ಕುಕ್ಕರಗಾಲಲ್ಲಿ ಕೂರಬೇಕು. ನೀವೊಬ್ಬರೇ ಹಿಂದೆ ಉಳಿದರೆ ಎಲ್ಲ ಮುಗಿದಂತೆ.

ಇನ್ನು ಮುಖ್ಯ ಮಾತು, ಗಾಳಿ. ಹ್ಯಾರಿಯರ್ ಬೇಟೆಗೆ ಹಾರುವಾಗ ಗಾಳಿಗೆ ಎದುರಾಗಿ, ನಿಧಾನಕ್ಕೆ, ನೆಲಕ್ಕೆ ಹತ್ತಿ ಹಾರುತ್ತದೆ. ನಮ್ಮಲ್ಲಿ ಚಳಿಗಾಲದಲ್ಲಿ ಬೀಸುವುದು ಮೂಡಗಾಳಿ. ಬೆಳಗಿನ ಸೂರ್ಯನೂ ಅದೇ ದಿಕ್ಕು. ಅಂದರೆ ಹಿಂಡಿನ ಮೂಡಣ ಅಂಚಿನಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತರೆ ಹಕ್ಕಿ ನಿಮ್ಮ ಕಡೆಗೇ ಬರುತ್ತದೆ, ಬಿಸಿಲು ಅದರ ಮುಖಕ್ಕೇ ಬೀಳುತ್ತದೆ. ಸಂಜೆ ಲೆಕ್ಕ ತಿರುಗಾಮುರುಗಾ: ಗಾಳಿ ಮೂಡಣದಿಂದ, ಬೆಳಕು ಪಡುವಣದಿಂದ, ಮುಖ ನೆರಳಲ್ಲಿ, ಬಾಲಕ್ಕೆ ಬಂಗಾರದ ಬೆಳಕು. ಅಷ್ಟು ವರ್ಷ ಗೆಳೆಯರೆಲ್ಲ ಸಂಜೆಯ ಬೆಳಕು, ಸಂಜೆಯ ಬೆಳಕು ಅಂತ ಓಡಿದ್ದೇ ಓಡಿದ್ದು. ಅಂಗಡಿಯ ದೆಸೆಯಿಂದ ನನಗೆ ಬೆಳಗು ಬಿಟ್ಟರೆ ಗತಿ ಇರಲಿಲ್ಲ, ಅದೇ ಸರಿ ಹೊತ್ತಾಗಿತ್ತು. ಗಾಳಿ ತೀರ ಜೋರಿದ್ದರೆ ಹಕ್ಕಿ ಒಂದೇ ಕಡೆ ತೇಲುತ್ತ ನಿಂತಂತಾಗುತ್ತದೆ, ಆ ದಿನ ಅಂಗಡಿಗೆ ತಡವಾದರೂ ಪರವಾಗಿಲ್ಲ. ಆದರೆ ಒಂಬತ್ತರ ಮೇಲೆ ಎರಿ ಕಾದು ಝಳ ಏಳುತ್ತದೆ. ಆಗ ಹತ್ತು ಲಕ್ಷದ ಲೆನ್ಸೂ ಒಂದೇ, ನನ್ನದೂ ಒಂದೇ, ಗರಿ ಕರಗಿದ ಹಾಗೆ ಕಾಣುತ್ತದೆ.

ಗಂಟೆ ಸಪ್ಪಳದ ಬಗ್ಗೆ ಗೆಳೆಯರು ಹೆದರಿಸಿದ್ದರಲ್ಲ, ಅದು ತಲೆಕೆಳಗಾಯಿತು. ಹ್ಯಾರಿಯರ್‌ನ ಮುಖ ಗೂಬೆಯ ಹಾಗೆ ತಟ್ಟೆಯಂತಿರುವುದು ಕೇಳಿಸಿಕೊಳ್ಳಲಿಕ್ಕೇ, ಹುಲ್ಲೊಳಗಿನ ಇಲಿಯ ಸದ್ದು ಹಿಡಿದು ಇಳಿಯುವ ಹಕ್ಕಿ ಅದು. ಟೆಂಟಿನೊಳಗಿಂದ ಮೊದಲ ಕ್ಲಿಕ್ಕಿಗೇ ತಲೆ ತಿರುಗಿಸಿ ಮೇಲೇರುತ್ತಿತ್ತು. ಡಿ500 ಸೆಕೆಂಡಿಗೆ ಹತ್ತು ಬಾರಿ ಬಡಿಯುತ್ತದೆ, ಸಣ್ಣ ಸದ್ದಲ್ಲ. ಹಿಂಡಿನ ಗಂಟೆ, ಮರಿಗಳ ಬ್ಯಾ ಬ್ಯಾ ನಡುವೆ ಆ ಸದ್ದು ಮುಳುಗಿಹೋಗುತ್ತದೆ. ಇದು ನನ್ನ ಅಂದಾಜು, ಆದರೆ ಹಿಂಡು ಮಲಗಿ ಗಂಟೆ ನಿಂತಾಗ ಕ್ಲಿಕ್ಕಿಸಿ ನೋಡಿದ್ದೇನೆ, ಹಕ್ಕಿ ತಟ್ಟನೆ ವಾಲುತ್ತದೆ.

ಕ್ಯಾಮೆರಾ ಸೆಟ್ಟಿಂಗ್ ಕೇಳುವವರಿಗೆ: ಶಟರ್ ವೇಗ 1/2500 ಸೆಕೆಂಡ್, ಅಪರ್ಚರ್ ಎಫ್ 6.3, ಬೆಳಗಿನ ಎಂಟರ ಸುಮಾರಿಗೆ ಐಎಸ್ಒ 500ರಿಂದ 800. ಪೂರ್ತಿ ಮ್ಯಾನುವಲ್. ಕರಿ ಮಣ್ಣಿನ ಮೇಲೆ ಬಿಳಿ ಹಕ್ಕಿ ಬಂದರೆ ಕ್ಯಾಮೆರಾದ ಬೆಳಕು ಅಳೆಯುವ ಆಟೊ ಮೀಟರ್ ಮಣ್ಣನ್ನು ನಂಬುತ್ತದೆ, ಹಕ್ಕಿ ಸುಣ್ಣವಾಗುತ್ತದೆ. ಹಿಂಡಿನಲ್ಲಿ ಒಂದು ಬಿಳಿ ಆಡು ಇತ್ತು. ಬಿಸಿಲಿಗೆ ನಿಂತ ಆ ಆಡಿನ ಮೇಲೆ ಸ್ಪಾಟ್ ಮೀಟರ್ (ಒಂದೇ ಚುಕ್ಕೆಯ ಬೆಳಕು ಅಳೆಯುವುದು) ಹಿಡಿದು ಒಂದೂವರೆ ಸ್ಟಾಪ್, ಅಂದರೆ ಬೆಳಕಿನ ಒಂದೂವರೆ ಮೆಟ್ಟಿಲು, ಮೇಲೆ ಇಡುತ್ತೇನೆ, ಅದಕ್ಕಿಂತ ಒಳ್ಳೆ ಮೀಟರ್ ಎಲ್ಲೂ ಕೊಂಡು ತರಲಿಕ್ಕಾಗದು. ಆ ಆಡಿಗೆ ನಾನಿಟ್ಟ ಹೆಸರು ಸೆಕಾನಿಕ್, ಲೈಟ್ ಮೀಟರ್ ಮಾಡುವ ಕಂಪನಿಯ ಹೆಸರು ಅದು. ಕಾಕಾನೂ ಈಗ "ಸೆಕ್ಕಾನಿ, ಬಾ ಇಲ್ಲಿ" ಅಂತಲೇ ಕರೆಯುತ್ತಾರೆ. ಇನ್ನೊಂದು: ಕಡಲೆ ಕಿತ್ತ ಬರಿ ಎರಿಗಿಂತ ಬಿಳಿಜೋಳ ಕೊಯ್ದ ಹೊಲ ಮೇಲು. ಒಣ ಕೂಳೆಯಿಂದ ಬೆಳಕು ಎದ್ದು ರೆಕ್ಕೆಯ ಕೆಳಭಾಗಕ್ಕೆ ತಾಗುತ್ತದೆ. ಫೋಕಸ್ ಕೂಳೆಗೆ ಅಂಟಿಕೊಳ್ಳುತ್ತದಲ್ಲ ಅಂತ ನೀವು ಕೇಳಬಹುದು. ಅದಕ್ಕೊಂದು ಉಪಾಯ ಇದೆ. ಅಂಗಡಿಗೆ ಬಂದವರಿಗೆ ಚಹಾ ಕುಡಿಯುತ್ತ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ನೇಗಿಲು ಹೊಡೆಯುವ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ನೋಡಿದೆ. ಕರಿ ಹದ್ದು, ಬೆಳ್ಳಕ್ಕಿ ಮುತ್ತಿಕೊಂಡವು, ಬ್ಲ್ಯಾಕ್ ವಿಂಗ್ಡ್ ಕೈಟ್ ಎಂಬ ಒಂದು ಸಣ್ಣ ಹದ್ದು ಹತ್ತಿರ ಬಂತು, ಆದರೆ ಆ ನಡುಕದಲ್ಲಿ ಲೆನ್ಸಿನ ನಡುಕ ತಡೆಯುವ ವಿಆರ್ ಸ್ಪೋರ್ಟ್ ಮೋಡಿಗೂ ಕೈಲಾಗಲಿಲ್ಲ. ಕೆಸ್ಟ್ರೆಲ್ ಕೂರುವ ಬಾಂದಗಲ್ಲಿನ ಬುಡದಲ್ಲಿ ಹಳೆಯ ಕ್ಯಾಮೆರಾ, ಅದರ ಜತೆಗೇ ಬಂದ ಸಣ್ಣ ಕಿಟ್ ಲೆನ್ಸ್ ಇಟ್ಟು ರಿಮೋಟಿನಿಂದ ಒತ್ತಿದೆ. ವಾರಗಟ್ಟಲೆ ಕಾಜಾಣ, ಗೊರವಂಕ, ಕಾಗೆ. ಒಂದೇ ಒಂದು ಕೆಸ್ಟ್ರೆಲ್, ಅದರಲ್ಲೂ ಬಾಲ ಕಟ್. ಆದರೂ ಹಿಂದೆ ಹೊಲ, ಆಕಾಶ ಎಲ್ಲ ಬಂದ ಚಿತ್ರ ಅದು, ಅದನ್ನು ಮತ್ತೆ ಮಾಡಬೇಕು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಬೇರೆಯೇ ಆಟ. ಪಟ್ಟೆತಲೆ ಹೆಬ್ಬಾತುಗಳು ಕತ್ತೆತ್ತಿ ಒಂದೇ ಕಡೆ ನೋಡತೊಡಗಿದರೆ ಆ ದಿಕ್ಕಿಗೆ ಲೆನ್ಸ್ ತಿರುಗಿಸಿ ಕಾಯಬೇಕು, ಕೆರೆ, ಜೌಗಿನ ಮೇಲೆ ಬೇಟೆಯಾಡುವ ಮಾರ್ಶ್ ಹ್ಯಾರಿಯರ್ ಬರುತ್ತಿದೆ ಅಂತ ಲೆಕ್ಕ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಜನ ಹೆಚ್ಚಿದ್ದಾರೆ, ವಾರದ ನಡುವೆ ಹೋಗುವುದು ಒಳ್ಳೆಯದು.

ಕುರಿ ದಾರಿಯ ತೊಂದರೆ ಇಲ್ಲವೆಂದಲ್ಲ. ಎರಿಯ ಧೂಳು ಮತ್ತು ಕುರಿಯ ಉಣ್ಣೆಯ ಎಳೆ ಎರಡೂ ಸೇರಿ ಜೂಮ್ ರಿಂಗಿನೊಳಗೆ ಹೋಗುತ್ತವೆ. ಹೊಲದಲ್ಲಿ ಲೆನ್ಸ್ ಬಿಚ್ಚಲೇಬಾರದು. ಸೆನ್ಸರ್ ಕ್ಲೀನಿಂಗಿಗೆ ಒಂದು ಸೀಸನ್ನಿಗೆ ಎರಡು ಸಲ, ಸಲಕ್ಕೆ ಸಾವಿರದ ಮೇಲೆ. ಕಂಬಳಿಯಿಂದ ಉಣ್ಣೆಹುಳ ಮೈಗೆ ಹತ್ತುತ್ತವೆ, ಮನೆಯಲ್ಲಿ ನನ್ನ ಬಟ್ಟೆ ಹಿತ್ತಲಿನ ಕಲ್ಲಿನ ಮೇಲೇ ಬಿಚ್ಚಿಡಬೇಕೆಂಬ ಕಾನೂನು ಬಂದಿದೆ. ಹಿಂಡು ಒಂದೇ ಕಡೆ ಇರುವುದಿಲ್ಲ, ಗೊಬ್ಬರಕ್ಕೆ ಅಂತ ಯಾರ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೋ ಅಲ್ಲಿಗೆ ನಾವೂ ಹೋಗಬೇಕು. ಹಿಂದಿನ ರಾತ್ರಿ ಕಾಕಾಗೆ ಫೋನ್ ಮಾಡಿ "ಎಲ್ಲಿ ಅದೀರಿ?" ಅಂತ ಕೇಳದೆ ಹೊರಟರೆ ಪೆಟ್ರೋಲು ದಂಡ.

ಈಗ ಇಬ್ಬರು ಮೂವರು ತಾವೂ ಬರುತ್ತೇವೆ ಅನ್ನುತ್ತಿದ್ದಾರೆ. ಒಂದು ಹಿಂಡಿಗೆ ಒಬ್ಬನೇ ಸಾಕು, ಇಬ್ಬರಾದರೆ ಮಾತು ಶುರುವಾಗುತ್ತದೆ. ಊರಿನ ಹೆಸರು ಹೇಳುವುದಿಲ್ಲ, ನವಲಗುಂದದಿಂದ ರೋಣದವರೆಗೆ ಎರಿ ಇದೆ, ಹಿಂಡುಗಳಿವೆ, ನಿಮ್ಮ ಕಾಕಾನನ್ನು ನೀವೇ ಹುಡುಕಿಕೊಳ್ಳಿ. ಟೆಂಟು ಮಾತ್ರ ಬೇಕಾದವರು ತೆಗೆದುಕೊಂಡು ಹೋಗಬಹುದು, ಎರಡು ಸಾವಿರಕ್ಕೆ ಕೊಡುತ್ತೇನೆ. ಮುರಿದ ಕೋಲಿಗೆ ಪಿವಿಸಿ ಪೈಪ್ ಹಾಕಿಸಿದ್ದೇನೆ.