ಕವರಿನ ಗಂಟು ಬಿಚ್ಚುವ ಮೊದಲು: ಹವಳದ ತೊಟ್ಟಿಗೆ ಹೊಸಬರು ಬಂದಾಗ

ಕಳೆದ ಮಳೆಗಾಲದ ಒಂದು ರಾತ್ರಿ ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ‘ಟಕ್’ ಎಂದು ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ‘ಟಕ್’. ಅಮ್ಮ ಎದ್ದು ಬಂದು, ‘ನಿನ್ನ ಮೀನಿನ ತೊಟ್ಟಿ ಬಿರುಕು ಬಿಡ್ತಿದೆ ಕಣೋ, ಮೊದಲು ಕೆಳಗಿನ ಮನೆಯವರನ್ನ ಎಬ್ಬಿಸು’ ಅಂದಳು. ಗಾಜಿಗೇನೂ ಆಗಿರಲಿಲ್ಲ. ಹದಿನೈದು ದಿನದ ಹಿಂದೆ ತಂದಿದ್ದ ಜೊವಾಂತಿಡ್ ಹವಳದ ಕಲ್ಲಿನ ತೂತಿನಲ್ಲಿ ಕಿರುಬೆರಳಿಗಿಂತ ಚಿಕ್ಕದೊಂದು ಪಿಸ್ತೂಲ್ ಸಿಗಡಿ ಬಿಡಾರ ಹೂಡಿತ್ತು. ಅದು ತನ್ನ ದೊಡ್ಡ ಕೊಂಡಿಯನ್ನು ಪಟ್ಟನೆ ಮುಚ್ಚಿದಾಗ ನೀರಿನಲ್ಲಿ ಗುಳ್ಳೆಯೊಂದು ಹುಟ್ಟಿ ಒಡೆಯುತ್ತದೆ, ಸದ್ದು ಅದರದ್ದು. ನಾನು ದುಡ್ಡು ಕೊಟ್ಟಿದ್ದು ಹವಳಕ್ಕೆ, ಸಿಗಡಿ ಪುಕ್ಕಟೆ.

ಉಪ್ಪುನೀರಿನ ತೊಟ್ಟಿ ಇಟ್ಟವರಿಗೆಲ್ಲ ಇದು ಗೊತ್ತಿರುವ ಪಾಡು. ಒಂದು ತಂದರೆ ಜೊತೆಗೆ ಹತ್ತು ಬರುತ್ತವೆ. ಬಂದವರು ಯಾರೆಂದು ನೋಡದೆ ಒಳಗೆ ಬಿಡುವುದೂ ತಪ್ಪು, ನೋಡಿದ ಕೂಡಲೇ ಚಿಮುಟ ಹಿಡಿದು ಕೊಲ್ಲಲು ಹೊರಡುವುದೂ ತಪ್ಪು.

ಅಂಗಡಿಯಲ್ಲೇ ಮಾಡಬೇಕಾದ್ದು

ಹವಳ ಕೊಳ್ಳುವ ಮುನ್ನ ಅದರ ಬುಡ ನೋಡಿ. ಮಾಂಸದ ಕೆಳಗೆ ಸುಣ್ಣಕಲ್ಲಿನ ಅಸ್ಥಿಪಂಜರ ಇದ್ದರೆ ಅದು ಕಲ್ಲು ಹವಳ. ಎಲ್ಲ ಕಲ್ಲು ಹವಳಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ, ಸಮುದ್ರ ಬೀಸಣಿಗೆ ಮತ್ತು ಕಡಲಕುದುರೆಗಳನ್ನೂ. ಹ್ಯಾಮರ್, ಟಾರ್ಚ್ ಎಂಬ ಹೆಸರಿನವು ನೀರಿನಲ್ಲಿ ಬಳುಕುವುದನ್ನು ಕಂಡು ‘ಸಾಫ್ಟ್ ಕೋರಲ್ ಸಾರ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅವುಗಳ ಬುಡವೂ ಕಲ್ಲೇ. ಮನೆಗೆ ಜೊವಾಂತಿಡ್, ಮಶ್ರೂಮ್, ಲೆದರ್, ಗ್ರೀನ್ ಸ್ಟಾರ್ ಪಾಲಿಪ್‌ನಂಥ ಮೃದು ಜಾತಿಗಳು ಸಾಕು. ಸಾಕಲೂ ಸುಲಭ.

ಮೀನಾದರೆ ನಿಮ್ಮೆದುರೇ ತಿಂಡಿ ಹಾಕಿಸಿ. ತಿನ್ನದ ಮೀನನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು. ಕ್ಲೌನ್ ಮೀನಾದರೆ ಮರಿಕೇಂದ್ರದಲ್ಲಿ ಹುಟ್ಟಿದ್ದೇ ಎಂದು ಕೇಳಿ. ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕ್ಲೌನ್ ಮರಿ ಮಾಡುವ ವಿಧಾನವನ್ನು ರೂಪಿಸಿದೆ, ಕಡಲಿಂದ ಹಿಡಿದದ್ದೇ ಬೇಕೆಂದಿಲ್ಲ. ಕೊನೆಯದಾಗಿ, ಅಂಗಡಿಯ ನೀರಿನ ಉಪ್ಪಿನಂಶ ಎಷ್ಟೆಂದು ಕೇಳಿ ಬರೆದುಕೊಳ್ಳಿ. ಇದು ಮುಂದೆ ಬೇಕಾಗುತ್ತದೆ.

ಗಂಟು ಬಿಚ್ಚಿದ ಮೇಲೆ

ದೀಪ ಆರಿಸಿ, ಕವರನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಡಿ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಆಮೇಲೆ ಎರಡು ಗಂಟೆ ಹನಿಹನಿಯಾಗಿ ನೀರು ಬಿಡುತ್ತಾ ಕೂರುತ್ತಾರಲ್ಲ, ಅಲ್ಲೇ ಮೀನು ಸಾಯುವುದು. ಮುಚ್ಚಿದ ಕವರಿನಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ. ಪಿಎಚ್ ಕಡಿಮೆ ಇದ್ದಾಗ ಅದರ ಹೊಲಸಿನ ಅಮೋನಿಯಾ ಹೆಚ್ಚು ಕಾಟ ಕೊಡದ ಅಮೋನಿಯಂ ರೂಪದಲ್ಲಿರುತ್ತದೆ. ಗಂಟು ಬಿಚ್ಚಿ ಗಾಳಿಯಾಡಿದ ಕೂಡಲೇ ಪಿಎಚ್ ಏರುತ್ತದೆ, ಅಮೋನಿಯಂ ವಿಷವಾಗುತ್ತದೆ. ಹತ್ತು ನಿಮಿಷದ ದಾರಿಯಿಂದ ತಂದ ಮೀನಿಗೆ ಇದು ದೊಡ್ಡ ವಿಷಯವಲ್ಲ. ವಿಮಾನದಲ್ಲಿ ಒಂದು ದಿನ ಕಳೆದು ಬಂದದ್ದಕ್ಕೆ ಹೌದು.

ನಾನು ಮಾಡುವುದು ಇಷ್ಟೇ. ಬೇರೆ ಚಿಕ್ಕ ತೊಟ್ಟಿಯೊಂದರಲ್ಲಿ ಅಂಗಡಿಯಷ್ಟೇ ಉಪ್ಪಿನ ನೀರನ್ನು ಮೊದಲೇ ಮಾಡಿಟ್ಟುಕೊಳ್ಳುತ್ತೇನೆ. ಅನೇಕ ಅಂಗಡಿಗಳು ಮೀನನ್ನು 1.018–1.020 ಸಾಪೇಕ್ಷ ಸಾಂದ್ರತೆಯ (ಉಪ್ಪು ಹೆಚ್ಚಿದಷ್ಟೂ ಈ ಅಂಕಿ ಹೆಚ್ಚು) ನೀರಿನಲ್ಲಿ ಇಡುತ್ತವೆ, ನಮ್ಮ ಹವಳದ ತೊಟ್ಟಿ 1.025. ಬಂದ ಮೀನನ್ನು ನೇರ ಚಿಕ್ಕ ತೊಟ್ಟಿಗೆ ಬಿಟ್ಟು, ದಿನಕ್ಕಿಷ್ಟು ಎಂದು ಉಪ್ಪು ಏರಿಸುತ್ತೇನೆ. ಕವರಿನ ನೀರು ಒಂದು ಹನಿಯೂ ತೊಟ್ಟಿಗೆ ಬೀಳಬಾರದು. ಸಿಗಡಿ, ಬಸವನಹುಳುಗಳಿಗೆ ಮಾತ್ರ ಹನಿ ಲೆಕ್ಕವೇ ಸರಿ, ಅವು ಉಪ್ಪಿನ ಏರಿಳಿತ ತಡೆಯುವುದಿಲ್ಲ.

ಆ ಚಿಕ್ಕ ತೊಟ್ಟಿಗೆ ಸ್ಪಂಜ್ ಫಿಲ್ಟರ್, ಹೀಟರ್, ಬಚ್ಚಿಟ್ಟುಕೊಳ್ಳಲು ಎರಡು ತುಂಡು ಪಿವಿಸಿ ಪೈಪ್ ಸಾಕು. ಒಂದು ತಿಂಗಳು ಅಲ್ಲೇ ಇರಲಿ. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆ ಬಂದರೆ ಇಚ್ ಎಂಬ ರೋಗ, ಗೋಧಿ ಹಿಟ್ಟು ಉದುರಿಸಿದಷ್ಟು ನವಿರಾಗಿದ್ದರೆ ವೆಲ್ವೆಟ್ ರೋಗ, ಇದು ದಿನಗಳಲ್ಲೇ ಕೊಲ್ಲುತ್ತದೆ. ತಾಮ್ರದ ಔಷಧಿ ಕೊಡುವುದಾದರೆ ಈ ತೊಟ್ಟಿಯಲ್ಲೇ. ಹವಳದ ತೊಟ್ಟಿಗೆ ತಾಮ್ರ ಬಿದ್ದರೆ ಸಿಗಡಿ, ಹವಳ ಎರಡೂ ಹೋಗುತ್ತವೆ. ಒಮ್ಮೆ ಅವಸರಕ್ಕೆ ನೀಲಿ ಡ್ಯಾಮ್ಸೆಲ್ ಒಂದನ್ನು ನೇರ ಬಿಟ್ಟು, ಮೂರು ವರ್ಷ ಸಾಕಿದ ಕ್ಲೌನ್ ಜೋಡಿಯನ್ನು ಕಳೆದುಕೊಂಡೆ. ಆಮೇಲೆ ರೋಗದ ಬೀಜ ಸಾಯಲೆಂದು ಎರಡೂವರೆ ತಿಂಗಳು ಮೀನಿಲ್ಲದ ತೊಟ್ಟಿಯನ್ನು ನೋಡುತ್ತಾ ಕೂತೆ.

ನೀರಿನ ಬಗ್ಗೆ ಒಂದೇ ಮಾತು: ಕಾವೇರಿಯಾಗಲಿ, ಬೋರ್‌ವೆಲ್ಲಾಗಲಿ, ಟ್ಯಾಂಕರ್ ಆಗಲಿ, ಅಡುಗೆಮನೆಯ ಆರ್‌ಒ ಆದ ಮೇಲೆ ಡಿಐ ರಾಳದ (ಉಳಿದ ಲವಣವನ್ನೂ ಹೀರುವ ಹರಳಿನ) ಕೊಳವೆ ಸೇರಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಿದ ಮೇಲೆಯೇ ಉಪ್ಪು ಕಲಸಿ.

ಹವಳಕ್ಕೆ ಸ್ನಾನ

ಮಗ್ಗಿನಲ್ಲಿ ತೊಟ್ಟಿಯದೇ ನೀರು ತೆಗೆದುಕೊಂಡು, ಹುಳು ಉದುರಿಸುವ ದ್ರಾವಣವಾದ ಕೋರಲ್ ಡಿಪ್ ಅನ್ನು ಡಬ್ಬದ ಮೇಲೆ ಬರೆದಷ್ಟು ಬೆರೆಸಿ, ಹೇಳಿದಷ್ಟು ನಿಮಿಷ ಹವಳವನ್ನು ಮುಳುಗಿಸಿಡಿ. ದೊಡ್ಡ ಸಿರಿಂಜಿನಿಂದ ಸಂದುಗಳಿಗೆ ನೀರು ಚಿಮ್ಮಿಸಿ. ಮಗ್ಗು ಬಿಳಿ ಬಣ್ಣದ್ದಾಗಿರಲಿ, ಉದುರಿದ್ದು ಕಾಣುತ್ತದೆ. ಜೊವಾಂತಿಡ್ ತಿನ್ನುವ ನೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಬಸವನಹುಳು ತಾನು ತಿಂದ ಹವಳದ ಬಣ್ಣವನ್ನೇ ಮೈಗೆ ಬಳಿದುಕೊಂಡಿರುತ್ತದೆ, ಹಸಿರು ಹವಳದ ಮೇಲೆ ಹಸಿರಾಗಿ ಕೂತಿದ್ದರೆ ಕಾಣುವುದೇ ಇಲ್ಲ. ಮಗ್ಗಿನ ತಳಕ್ಕೆ ಬಿದ್ದಾಗಲೇ ಗೊತ್ತಾಗುವುದು. ಡಿಪ್ ಅದರ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಸುರುಳಿಯಾಕಾರದ ಬಿಳಿ ಲೋಳೆ ಕಂಡರೆ ಕೆರೆದು ತೆಗೆಯಿರಿ, ವಾರ ಬಿಟ್ಟು ಮತ್ತೆ ಸ್ನಾನ ಮಾಡಿಸಿ.

ಇಲ್ಲೊಂದು ಎಚ್ಚರಿಕೆ. ಜೊವಾಂತಿಡ್ ಬಳಗದ ಕೆಲವಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. 1971ರಲ್ಲಿ ಇದನ್ನು ಬೇರ್ಪಡಿಸಿದ್ದೂ ಹವಾಯಿಯ ಅಂಥದ್ದೊಂದು ಜೀವಿಯಿಂದಲೇ. ಕೈಗವಸು, ಕನ್ನಡಕ ಇಲ್ಲದೆ ಇವನ್ನು ಮುಟ್ಟಬೇಡಿ, ಕತ್ತರಿಸಬೇಡಿ. ಕಲ್ಲನ್ನು ‘ಶುದ್ಧ ಮಾಡೋಣ’ ಎಂದು ಬಿಸಿನೀರಿನಲ್ಲಿ ಕುದಿಸುವುದಂತೂ ಬೇಡವೇ ಬೇಡ. ಆ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ.

ರಾತ್ರಿ ಟಾರ್ಚ್ ಹಿಡಿದು

ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ, ದೀಪ ಆರಿದ ಒಂದು ಗಂಟೆಯ ಮೇಲೆ ನೋಡಿ. ಕಲ್ಲಿನ ಸಂದಿನಿಂದ ಗುಲಾಬಿ ಬಣ್ಣದ ಮುಳ್ಳುಕೂದಲಿನ ಹುಳು ತಲೆ ಹಾಕುತ್ತದೆ, ಬ್ರಿಸಲ್ ವರ್ಮ್. ಎಲ್ಲರೂ ಮೊದಲು ಕೊಲ್ಲುವುದು ಇದನ್ನೇ, ಪಾಪ. ಅದು ಜಾಡಮಾಲಿ, ಮಿಕ್ಕಿದ ತಿಂಡಿ ತಿನ್ನುತ್ತದೆ. ಬರಿಗೈಯಲ್ಲಿ ಮುಟ್ಟದಿದ್ದರೆ ಆಯಿತು. ಗಾಜಿನ ಮೇಲಿನ ಸೊಟ್ಟಪಟ್ಟ ಕಾಲಿನ ಪುಟ್ಟ ನಕ್ಷತ್ರಮೀನುಗಳೂ ಹೆಚ್ಚಾಗಿ ನಿರುಪದ್ರವಿಗಳು.

ಬಿಡಬಾರದ್ದು ಐಪ್ಟೇಸಿಯಾ ಎಂಬ ಪುಟ್ಟ ಸೀ ಅನಿಮೋನ್, ಹೂವಿನಂತೆ ಕಾಣುವ ಕಡಲಜೀವಿ. ಕಂದು ಬಣ್ಣ, ಗಾಜಿನಂಥ ಉದ್ದ ಎಸಳು, ನೆರಳು ಬಿದ್ದರೆ ಸರಕ್ಕನೆ ಒಳಗೆ. ಜೊವಾಂತಿಡ್‌ಗಾದರೆ ಅಂಚಿನಲ್ಲಿ ಗಿಡ್ಡ ರೆಪ್ಪೆಯಂಥ ಎಸಳು, ಗುಂಪಾಗಿ ಬೆಳೆಯುತ್ತದೆ. ಐಪ್ಟೇಸಿಯಾವನ್ನು ಕಿತ್ತರೆ ಉಳಿದ ಚೂರೂ ಹೊಸದಾಗಿ ಬೆಳೆಯುತ್ತದೆ. ಇದಕ್ಕೆ ಮದ್ದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅಜ್ಜಿ ವೀಳ್ಯದೆಲೆಗೆ ಸವರುತ್ತಿದ್ದ ಸುಣ್ಣವೇ. ಎಲೆ ಅಂಗಡಿಯದು ಬೇಡ, ಅಕ್ವೇರಿಯಂಗೆಂದೇ ಸಿಗುವ ಶುದ್ಧ ಪುಡಿಯನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ಅದರ ಬಾಯಿಗೇ ಹಾಕಿ. ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ, ಪಿಎಚ್ ಏರಿಬಿಡುತ್ತದೆ.

ಹವಳವನ್ನು ಮೊದಲ ವಾರ ತಳದಲ್ಲೇ ಇಟ್ಟು ಆಮೇಲೆ ಬೆಳಕಿನತ್ತ ಏರಿಸಿ. ಮಶ್ರೂಮ್‌ಗೆ ತಳವೇ ಸರಿ. ಗ್ರೀನ್ ಸ್ಟಾರ್ ಪಾಲಿಪ್ ಗರಿಕೆಯಂತೆ ಹಬ್ಬುವುದರಿಂದ ಬೇರೆ ಕಲ್ಲಿನಲ್ಲಿಡಿ. ಲೆದರ್ ಹವಳ ಒಮ್ಮೊಮ್ಮೆ ಮುದುಡಿ, ಮೇಣ ಬಳಿದಂತಾಗಿ ವಾರಗಟ್ಟಲೆ ಸತ್ತಂತೆ ಕೂರುತ್ತದೆ. ಪೊರೆ ಕಳಚುತ್ತಿದೆ ಅಷ್ಟೇ, ಅದರ ಕಡೆ ಸ್ವಲ್ಪ ನೀರಿನ ಹರಿವು ತಿರುಗಿಸಿ ಸುಮ್ಮನಿರಿ.

ನಮ್ಮ ಸಿಗಡಿಯೂ ಹಾಗೆಯೇ ಮಾಡಿತು. ಬಸವನಹುಳುಗಳೆಲ್ಲ ಲೆಕ್ಕಕ್ಕೆ ಸರಿಯಾಗಿದ್ದುದರಿಂದ ಅದನ್ನು ಇರಲಿ ಎಂದು ಬಿಟ್ಟಿದ್ದೆ. ದೀಪಾವಳಿ ಹೊತ್ತಿಗೆ ಸದ್ದು ನಿಂತಿತು, ಮರುದಿನ ಬೆಳಿಗ್ಗೆ ಮರಳಿನ ಮೇಲೆ ಅದರ ಮೈ ಬಿದ್ದಿತ್ತು. ಅಮ್ಮ ‘ಅಯ್ಯೋ’ ಅಂದಳು. ಎತ್ತಿ ನೋಡಿದರೆ ಒಳಗೆ ಏನೂ ಇಲ್ಲ, ಬರೀ ಚಿಪ್ಪು. ಮೂರನೆಯ ರಾತ್ರಿ ಮತ್ತೆ ‘ಟಕ್’.