ಹೀಟ್ ಪಂಪಿಗೆ ಟೈಮ್‌ಟೇಬಲ್ ಹಾಕಿ ಗೆದ್ದದ್ದು

ಹೀಟ್ ಪಂಪ್ ಎಂದರೆ ಹೊರಗಿನ ಗಾಳಿಯಿಂದ ಶಾಖ ಎಳೆದು ಮನೆ ಬಿಸಿ ಮಾಡುವ ಯಂತ್ರ. ಅದರ ಥರ್ಮೋಸ್ಟಾಟಿಗೆ ಗಂಟೆಗಂಟೆಯ ಪ್ರೋಗ್ರಾಂ ಹಾಕುವ ನನ್ನ ಪ್ರಯತ್ನಕ್ಕೆ ಮೂರನೇ ಚಳಿಗಾಲದಲ್ಲಿ ಲೆಕ್ಕ ಕೂಡಿ ಬಂತು. ಈ ಜನವರಿಯಲ್ಲಿ ಆಕ್ಸ್ ಹೀಟ್ (ಪಂಪಿಗೆ ನೆರವಾಗುವ ಕರೆಂಟ್ ಹೀಟರ್) ಓಡಿದ್ದು ಒಟ್ಟು ಐದಾರು ಗಂಟೆ. ಮೊದಲ ಜನವರಿಯಲ್ಲಿ ಅದು 75 ಗಂಟೆಯ ಆಸುಪಾಸಿನಲ್ಲಿತ್ತು. "ಹೀಟ್ ಪಂಪ್ ಇದ್ರೆ 69 ಡಿಗ್ರಿಗೋ 70ಕ್ಕೋ ಇಟ್ಟು ಕೈ ತೆಗೀರಿ, ಪ್ರೋಗ್ರಾಂ ಹಾಕಿದ್ರೆ ಬಿಲ್ ಏರತ್ತೆ" ಎಂದು ಟೆಕ್ನಿಷಿಯನ್‌ಗಳೂ ಹೇಳಿದ್ದರು, ಇಲ್ಲಿನ ಗೆಳೆಯರೂ ಹೇಳಿದ್ದರು. ಆ ಮಾತಿಗೆ ಆಧಾರ ಇದೆ. ರಾತ್ರಿ 8 ಗಂಟೆ ಕಾಲ 7ರಿಂದ 10 ಡಿಗ್ರಿ ಇಳಿಸಿದರೆ ವರ್ಷಕ್ಕೆ ಶೇಕಡಾ 10ರವರೆಗೆ ಉಳಿಯುತ್ತದೆ ಎನ್ನುವ ಅಮೆರಿಕದ ಇಂಧನ ಇಲಾಖೆಯೇ, ಹೀಟ್ ಪಂಪ್ ಹೀಟಿಂಗ್‌ನಲ್ಲಿರುವಾಗ ಹಾಗೆ ಇಳಿಸಬೇಡಿ ಎಂದೂ ಎಚ್ಚರಿಸುತ್ತದೆ. ಆದರೆ ಆ ಎಚ್ಚರಿಕೆ ಒಂದೇ ಏಟಿಗೆ ಇಳಿಸಿ ಒಂದೇ ಏಟಿಗೆ ಏರಿಸುವವರಿಗೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರೆ ಆಗುತ್ತದೆ. ನಾನು ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಮನೆ ಇರುವುದು ನಾರ್ತ್ ಕ್ಯಾರೊಲೈನಾದ ರಾಲಿ ಪಕ್ಕದ ಕ್ಯಾರಿಯಲ್ಲಿ. ಸಿಂಗಲ್ ಸ್ಟೇಜ್ 3 ಟನ್ ಹೀಟ್ ಪಂಪ್, ಏರ್ ಹ್ಯಾಂಡ್ಲರ್ (ಮನೆಯೊಳಗೆ ಗಾಳಿ ಊದುವ ಪೆಟ್ಟಿಗೆ) ಒಳಗೆ 10 ಕಿಲೋವಾಟ್ ಹೀಟ್ ಸ್ಟ್ರಿಪ್. ಆಕ್ಸ್ ಹೀಟ್ ಎಂದರೆ ಈ ಸ್ಟ್ರಿಪ್ಪೇ. ಕರೆಂಟು ಯೂನಿಟ್ಟಿಗೆ ಸುಮಾರು 13 ಸೆಂಟ್. ಡಿಗ್ರಿ ಎಂದು ಬರೆದಿರುವುದೆಲ್ಲ ಫ್ಯಾರನ್‌ಹೀಟ್. ಗ್ಯಾಸ್ ಫರ್ನೆಸ್ ಇರುವವರಿಗೆ ಈ ತಲೆನೋವಿಲ್ಲ, ರಾತ್ರಿ 62ಕ್ಕೆ ಇಳಿಸಿ ಆರಾಮಾಗಿ ಮಲಗಬಹುದು.

ಎಲ್ಲ ನಷ್ಟವೂ ಸ್ಟ್ರಿಪ್‌ನಲ್ಲಿದೆ. ಒಂದು ಗಂಟೆ ಓಡಿದರೆ 10 ಯೂನಿಟ್, ಅಂದರೆ 1 ಡಾಲರ್ 30 ಸೆಂಟ್. ಸ್ಟ್ರಿಪ್ ಒಂದು ಯೂನಿಟ್ಟಿಗೆ ಕೊಡುವುದು 3,412 ಬಿಟಿಯು (ಶಾಖದ ಅಳತೆ), ಒಂದು ಚೂರೂ ಹೆಚ್ಚಿಲ್ಲ. ಹೊರಗೆ 30 ಡಿಗ್ರಿ ಇದ್ದಾಗಲೂ ಕಂಪ್ರೆಸರ್ ಅದೇ ಯೂನಿಟ್ಟಿಗೆ ಎರಡೂವರೆ ಪಟ್ಟು ಶಾಖ ಕೊಡುತ್ತದೆ. ಆದ್ದರಿಂದ ಥರ್ಮೋಸ್ಟಾಟ್ ಪ್ರೋಗ್ರಾಂ ಮಾಡುವುದೆಂದರೆ ಸ್ಟ್ರಿಪ್ಪಿಗೆ ಬಾಗಿಲು ಹಾಕುವುದು ಮೊದಲು, ಗಂಟೆಯ ಪಟ್ಟಿ ಆಮೇಲೆ. ಮೊದಲೆರಡು ವರ್ಷ ನಾನು ಇದನ್ನು ತಿರುಗಾಮುರುಗಾ ಮಾಡಿದೆ.

ಸ್ಟ್ರಿಪ್ ಓಡುತ್ತಿದೆಯೇ ಎಂದು ತಿಳಿಯಲು ಸ್ಕ್ರೀನ್ ನಂಬಬೇಡಿ. ಕೆಲವು ಮಾಡೆಲ್‌ಗಳು "ಆಕ್ಸ್" ಎಂದು ತೋರಿಸುತ್ತವೆ, ಕೆಲವು ತೋರಿಸುವುದೇ ಇಲ್ಲ. 10 ಡಾಲರಿನ ಅಡುಗೆ ಥರ್ಮಾಮೀಟರನ್ನು ಏರ್ ಹ್ಯಾಂಡ್ಲರಿಗೆ ಹತ್ತಿರದ ವೆಂಟಿನಲ್ಲಿ ತೂರಿಸಿ. ಗಂಟೆಯ ಬಿಟಿಯುವನ್ನು 1.08ರಿಂದಲೂ ಸಿಎಫ್ಎಂನಿಂದಲೂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಭಾಗಿಸಿದರೆ ಗಾಳಿ ಎಷ್ಟು ಡಿಗ್ರಿ ಏರುತ್ತದೆ ಎಂದು ಸಿಗುತ್ತದೆ. 1,200 ಸಿಎಫ್ಎಂಗೆ ನನ್ನ ಸ್ಟ್ರಿಪ್ ಒಂದೇ 26 ಡಿಗ್ರಿ ಏರಿಸುತ್ತದೆ. ಫ್ರೀಜಿಂಗ್ ಆಸುಪಾಸಿನಲ್ಲಿ ಕಂಪ್ರೆಸರ್ ಮಾತ್ರ ಇದ್ದರೆ ವೆಂಟಿನಲ್ಲಿ 88ರಿಂದ 92, ಸ್ಟ್ರಿಪ್ ಸೇರಿದರೆ 114ರ ಮೇಲೆ. 105 ದಾಟಿತೆಂದರೆ ದುಡ್ಡು ಉರಿಯುತ್ತಿದೆ ಎಂದರ್ಥ. 90 ಡಿಗ್ರಿಯ ಗಾಳಿ ಅಂಗೈಗೆ ತಣ್ಣಗೆ ತಾಗುವುದು ಸಹಜ, ಮೈ ಬಿಸಿಯೇ 98 ಅಲ್ಲವೇ. ಇದು ಗೊತ್ತಿಲ್ಲದೆ "ಹೀಟರ್ ಕೆಟ್ಟಿದೆ" ಎಂದು ಎಮರ್ಜೆನ್ಸಿ ಹೀಟ್ ಒತ್ತಿ ತಿಂಗಳುಗಟ್ಟಲೆ ಮರೆತ ಮನೆಗಳು ನಮ್ಮ ಸುತ್ತಲೇ ಇವೆ. ಆ ಮೋಡಿನಲ್ಲಿ ಕಂಪ್ರೆಸರ್ ಪೂರ್ತಿ ನಿಂತು, ಮನೆಯಿಡೀ ಸ್ಟ್ರಿಪ್ ಮೇಲೆಯೇ ನಡೆಯುತ್ತದೆ.

ಈಗ ಸೋತದ್ದು. ಮೊದಲ ವರ್ಷ ರಾತ್ರಿ 62, ಬೆಳಿಗ್ಗೆ 6ಕ್ಕೆ 69. ಏಳು ಡಿಗ್ರಿ ಅಂತರ ಕಂಡ ಕೂಡಲೇ ಸ್ಟ್ರಿಪ್ ಎದ್ದು ದಿನಾ ಎರಡು ಗಂಟೆಯ ಮೇಲೆ ಓಡಿತು. ಆ ಥರ್ಮೋಸ್ಟಾಟ್ ಅಗ್ಗದ್ದು, 60 ಡಾಲರ್. ಹೊರಗಿನ ತಾಪಮಾನ ನೋಡಿ ಆಕ್ಸ್ ತಡೆಯುವ ಸೆಟ್ಟಿಂಗೇ ಅದರಲ್ಲಿರಲಿಲ್ಲ. ಕೊಳ್ಳುವ ಮುಂಚೆ ಇದೊಂದನ್ನು ಮ್ಯಾನ್ಯುಯಲ್‌ನಲ್ಲಿ ಹುಡುಕಿ, ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಎರಡನೇ ವರ್ಷ 140 ಡಾಲರಿನದ್ದು ತಂದು, ರಾತ್ರಿ 65ಕ್ಕೆ ಇಟ್ಟು ಸ್ಮಾರ್ಟ್ ರಿಕವರಿ (ಹೇಳಿದ ಗಂಟೆಗೆ ಮನೆ ಬಿಸಿಯಾಗಿರಲೆಂದು ಮುಂಚೆಯೇ ಶುರು ಮಾಡುವ ಸೌಲಭ್ಯ) ಆನ್ ಮಾಡಿದೆ. ಅದು ನಾಲ್ಕೂವರೆಗೇ ಕಂಪ್ರೆಸರ್ ಶುರು ಮಾಡುತ್ತಿತ್ತು, ಸರಿಯೇ. ಆದರೆ ಅಪ್‌ಸ್ಟೇಜ್ ಟೈಮರ್ (ಕಂಪ್ರೆಸರ್ ಇಷ್ಟು ಹೊತ್ತು ಓಡಿಯೂ ಸಾಲದಿದ್ದರೆ ಸ್ಟ್ರಿಪ್ ಕರೆಯುವ ಗಡುವು) ಫ್ಯಾಕ್ಟರಿಯಿಂದ 30 ನಿಮಿಷಕ್ಕಿತ್ತು. ಅರ್ಧ ಗಂಟೆಯಲ್ಲಿ 69 ಮುಟ್ಟುವುದು ಎಲ್ಲಿಂದ? ಐದಕ್ಕೆ ಸ್ಟ್ರಿಪ್ ಹಾಜರ್. ಆ ಜನವರಿ 45 ಗಂಟೆ.

ಅದೇ ವರ್ಷ ಫೆಬ್ರವರಿಯಲ್ಲಿ ಇನ್ನೊಂದು ತುದಿಗೆ ಹೋದೆ. ಆಕ್ಸ್ ಲಾಕೌಟನ್ನು (ಹೊರಗೆ ಇದಕ್ಕಿಂತ ಬೆಚ್ಚಗಿದ್ದರೆ ಸ್ಟ್ರಿಪ್ ಓಡಬಾರದೆಂಬ ಮಿತಿ) 20ಕ್ಕೆ ಇಳಿಸಿ, ಹೊರಗಿನ ತಾಪಮಾನ ವೈಫೈಯಿಂದ ಬರಲಿ ಎಂದು ಬಿಟ್ಟೆ. ವೈಫೈ ಕೊಡುವುದು ಎಲ್ಲಿಯದೋ ಹವಾಮಾನ ಕೇಂದ್ರದ ಅಂಕಿ. ನಮ್ಮ ಹಿತ್ತಲು ತಗ್ಗಿನಲ್ಲಿದೆ, ಗಾಳಿಯಿಲ್ಲದ ರಾತ್ರಿ ನಾಲ್ಕೈದು ಡಿಗ್ರಿ ಕಡಿಮೆಯೇ ಇರುತ್ತದೆ. ಹಿತ್ತಲಲ್ಲಿ 17 ಇದ್ದ ರಾತ್ರಿ ಥರ್ಮೋಸ್ಟಾಟ್ 22 ಎಂದುಕೊಂಡು ಸ್ಟ್ರಿಪ್ಪನ್ನು ಓಡಲು ಬಿಡಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಮನೆ 63ಕ್ಕೆ ಜಾರಿತ್ತು. ಈಗ ವೈರಿನ ಸೆನ್ಸರ್ ಇದೆ, 25 ಡಾಲರ್. ಉತ್ತರದ ಗೋಡೆಗೆ, ಸೂರಿನ ಕೆಳಗೆ, ಹೊರಗಿನ ಮಷೀನಿನಿಂದ ಹತ್ತಡಿಯಾದರೂ ದೂರ ಕೂರಿಸಿ. ಮಷೀನಿನ ಹತ್ತಿರ ಇಟ್ಟರೆ ಚಳಿಗಾಲದಲ್ಲಿ ಅದು ಊದುವ ತಣ್ಣನೆ ಗಾಳಿಯನ್ನೇ ಅಳೆಯುತ್ತದೆ.

ಲಾಕೌಟ್ ಎಷ್ಟಕ್ಕೆ ಇಡಬೇಕೆಂಬುದನ್ನು ಪಕ್ಕದ ಮನೆಯವರನ್ನು ಕೇಳಿ ತಿಳಿಯಲಾಗದು, ನಿಮ್ಮ ಮನೆಯ ಬ್ಯಾಲೆನ್ಸ್ ಪಾಯಿಂಟ್ (ಕಂಪ್ರೆಸರ್ ಒಂದೇ ಸಾಕಾಗುವ ಕನಿಷ್ಠ ಹೊರಗಿನ ತಾಪಮಾನ) ನೀವೇ ಅಳೆಯಬೇಕು. ಸೆಟ್‌ಪಾಯಿಂಟ್ ಅಲುಗಾಡಿಸದೆ ಮೂರ್ನಾಲ್ಕು ಚಳಿ ರಾತ್ರಿ, ಬೆಳಗಿನ ಜಾವ ಎರಡರಿಂದ ಐದರ ನಡುವೆ, ಕಂಪ್ರೆಸರ್ ಗಂಟೆಗೆ ಎಷ್ಟು ನಿಮಿಷ ಓಡಿತು ಎಂದು ಬರೆದಿಡಿ. ನನ್ನಲ್ಲಿ 28 ಡಿಗ್ರಿಗೆ 40 ನಿಮಿಷ, 24ಕ್ಕೆ 49ರ ಹತ್ತಿರ, 21ಕ್ಕೆ 57. ಅಂದರೆ 20ರವರೆಗೆ ಕಂಪ್ರೆಸರ್ ಒಂದೇ ಮನೆ ನಿಭಾಯಿಸುತ್ತದೆ. ಕ್ಯಾರಿಯಲ್ಲಿ 20ಕ್ಕಿಂತ ಕೆಳಗಿಳಿಯುವ ರಾತ್ರಿಗಳು ಬೆರಳೆಣಿಕೆ. ಹಾಗಿದ್ದೂ ಲಾಕೌಟ್ 30ಕ್ಕೆ ಇಟ್ಟಿದ್ದೇನೆ. ಗೆರೆಯ ಮೇಲೆಯೇ ಇಟ್ಟು ಪೆಟ್ಟು ತಿಂದದ್ದು ಸಾಕು.

ಉಳಿದ ಸೆಟ್ಟಿಂಗ್: ಬ್ಯಾಕಪ್ ಹೀಟ್ ಡ್ರೂಪ್ (ಇಟ್ಟ ತಾಪಮಾನಕ್ಕಿಂತ ಮನೆ ಇಷ್ಟು ಇಳಿದರೆ ಮಾತ್ರ ಸ್ಟ್ರಿಪ್) 3 ಡಿಗ್ರಿ, ಅಪ್‌ಸ್ಟೇಜ್ ಟೈಮರ್ 120 ನಿಮಿಷ, ಕಂಪ್ರೆಸರ್ ಗಂಟೆಗೆ 3 ಸೈಕಲ್, ನಿಂತ ಮೇಲೆ ಕನಿಷ್ಠ 5 ನಿಮಿಷ ಬಿಡುವು, ಸ್ಮಾರ್ಟ್ ರಿಕವರಿ ಆಫ್. ರಿಕವರಿ ಆನ್ ಇದ್ದರೆ ನೀವು ಬರೆದ ನಾಲ್ಕು ಗಂಟೆಯನ್ನು ಅದು ಮೂರೂಕಾಲು ಮಾಡುತ್ತದೆ, ಮೆಟ್ಟಿಲುಗಳೆಲ್ಲ ಕಲಸಿಹೋಗುತ್ತವೆ. ಡ್ರೂಪ್ ಮತ್ತು ಟೈಮರ್ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂಬುದು ಬ್ರ್ಯಾಂಡಿಗೊಂದು ತರಹ, ಇನ್‌ಸ್ಟಾಲರ್ ಮ್ಯಾನ್ಯುಯಲ್ ಓದಲೇಬೇಕು. ಡಬ್ಬಿಯಲ್ಲಿ ಬರುವ ಯೂಸರ್ ಗೈಡಿನಲ್ಲಿ ಇದೆಲ್ಲ ಇರುವುದಿಲ್ಲ.

ಇನ್ನು ಮೆಟ್ಟಿಲು. ಥರ್ಮೋಸ್ಟಾಟಿನಲ್ಲಿ ನಾಲ್ಕೇ ಅವಧಿ: ವೇಕ್, ಅವೇ, ಹೋಮ್, ಸ್ಲೀಪ್. ಹೆಸರಿಗೂ ಕೆಲಸಕ್ಕೂ ಸಂಬಂಧ ಇರಲೇಬೇಕೆಂದಿಲ್ಲ, ಗಂಟೆ ಕ್ರಮವಾಗಿ ಬಂದರೆ ಸಾಕು. ವೇಕ್ ಬೆಳಿಗ್ಗೆ 4ಕ್ಕೆ 67. ಅವೇ ಐದೂಕಾಲಿಗೆ 68. ಹೋಮ್ ಆರೂವರೆಗೆ 69. ಸ್ಲೀಪ್ ರಾತ್ರಿ 10ಕ್ಕೆ 66. ಪ್ರತಿ ಮೆಟ್ಟಿಲೂ ಒಂದೇ ಡಿಗ್ರಿ, ಡ್ರೂಪ್ ಮೂರು. ಹಾಗಾಗಿ ಸ್ಟ್ರಿಪ್ಪಿಗೆ ಎದ್ದೇಳಲು ನೆಪವೇ ಸಿಗುವುದಿಲ್ಲ. 15 ಡಿಗ್ರಿಯ ರಾತ್ರಿ ಬಂದರೆ ಮಾತ್ರ ಮನೆ 63ಕ್ಕೆ ಇಳಿದು ಸ್ಟ್ರಿಪ್ ಕೈಜೋಡಿಸುತ್ತದೆ, ಆಗ ಅದು ಬೇಕೂ ಹೌದು. ಅಂಥ ರಾತ್ರಿ ಬರುತ್ತಿದೆ ಎಂದು ಗೊತ್ತಾದರೆ ಹಿಂದಿನ ಮಧ್ಯಾಹ್ನ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಮೊದಲು ಇಷ್ಟನ್ನು ಕೂರಿಸಿ. ಮೆಟ್ಟಿಲುಗಳ ನಡುವೆ ಒಂದೂಕಾಲು ಗಂಟೆ ಏಕೆ ಎಂಬುದಕ್ಕೂ ನನ್ನದೊಂದು ಸೂತ್ರವಿದೆ, ನಿಮ್ಮ ರನ್‌ಟೈಮ್ ಪಟ್ಟಿ ಕೈಯಲ್ಲಿದ್ದರೆ ನೀವೇ ಕಂಡುಕೊಳ್ಳುತ್ತೀರಿ.

ಒಂದು ಸಂಶಯ ಎಲ್ಲರಿಗೂ ಬರುತ್ತದೆ. ಲಾಕೌಟ್ 30 ಇದ್ದರೂ ಹೊರಗೆ 36 ಇದ್ದಾಗ ವೆಂಟಿನಲ್ಲಿ ಸ್ಟ್ರಿಪ್ ಶಾಖ ಕಾಣಿಸುತ್ತದಲ್ಲ ಎಂದು. ಅದು ಡೀಫ್ರಾಸ್ಟ್. ಹೊರಗಿನ ಕಾಯಿಲಿನ ಮಂಜು ಕರಗಿಸಲು ಮಷೀನ್ ಕೆಲವು ನಿಮಿಷ ಕೂಲಿಂಗಿಗೆ ತಿರುಗುತ್ತದೆ. ಒಳಗೆ ತಣ್ಣನೆ ಗಾಳಿ ಬರದಿರಲೆಂದು ಹೊರಗಿನ ಬೋರ್ಡೇ ಬಿಳಿ ವೈರಿನ ಮೂಲಕ ನೇರವಾಗಿ ಸ್ಟ್ರಿಪ್ಪನ್ನು ಕರೆಯುತ್ತದೆ. ಥರ್ಮೋಸ್ಟಾಟಿನ ಮಾತು ಅಲ್ಲಿ ನಡೆಯುವುದಿಲ್ಲ. ಬಿಡಿ, ಅದನ್ನು ಕೀಳಲು ಹೋಗಬೇಡಿ. ನನ್ನ ಐದಾರು ಗಂಟೆಯಲ್ಲಿ ಈ ಲೆಕ್ಕ ಸೇರಿಲ್ಲ.

ಥರ್ಮೋಸ್ಟಾಟಿನ ವೈರಿಂಗಿನಲ್ಲಿ ಎರಡು ಕಡೆ ಎಚ್ಚರ. ಮೊದಲನೆಯದು ಕಿತ್ತಳೆ ವೈರಿನ ಓ/ಬಿ ಸೆಟ್ಟಿಂಗ್. ಹೆಚ್ಚಿನ ಬ್ರ್ಯಾಂಡುಗಳಲ್ಲಿ ರಿವರ್ಸಿಂಗ್ ವಾಲ್ವಿಗೆ (ಹೀಟಿಂಗನ್ನು ಕೂಲಿಂಗಿಗೆ ತಿರುಗಿಸುವ ವಾಲ್ವ್) ಕರೆಂಟು ಹೋಗುವುದು ಕೂಲಿಂಗಿನಲ್ಲಿ, ಅದು ಓ. ರೀಮ್, ರೂಡ್ ಮಷೀನುಗಳಲ್ಲಿ ಹೀಟಿಂಗಿನಲ್ಲಿ, ಅದು ಬಿ. ತಪ್ಪಾದರೆ ಹೀಟ್ ಒತ್ತಿದಾಗ ಏಸಿ ಓಡುತ್ತದೆ, ಮನೆ ತಣ್ಣಗಾದ್ದರಿಂದ ಸ್ಟ್ರಿಪ್ಪೂ ಏಳುತ್ತದೆ, ಎರಡೂ ಜಗಳವಾಡುತ್ತಾ ಮೀಟರ್ ತಿರುಗುತ್ತದೆ. ವೆಂಟಿನ ಗಾಳಿ ತೀರಾ ತಣ್ಣಗಿರದ ಕಾರಣ ಬೇಗ ಗೊತ್ತಾಗದೆಯೂ ಹೋಗಬಹುದು. ಹೊಸದು ಕೂರಿಸಿದ ದಿನ ಹೀಟ್ ಒತ್ತಿ, ಹೊರಗಿನ ಮಷೀನಿನ ಮೇಲೆ ಕೈ ಹಿಡಿದು ನೋಡಿ. ಅಲ್ಲಿಂದ ಬರುವ ಗಾಳಿ ಹೊರಗಿನ ಗಾಳಿಗಿಂತ ತಣ್ಣಗಿರಬೇಕು.

ಎರಡನೆಯದು ಫ್ಯೂಸ್. ಬ್ರೇಕರ್ ಆಫ್ ಮಾಡದೆ ಕೆಂಪು ವೈರು ನೀಲಿಗೆ ತಾಗಿದರೆ ಏರ್ ಹ್ಯಾಂಡ್ಲರ್ ಬೋರ್ಡಿನ ಫ್ಯೂಸ್ ಹೋಗುತ್ತದೆ. ಕಾರಿನಲ್ಲಿ ಬಳಸುವಂಥದ್ದೇ, ನೇರಳೆ ಬಣ್ಣದ 3 ಆಂಪ್ ಇಲ್ಲವೇ ತಿಳಿಗಂದು 5 ಆಂಪ್. ಐವತ್ತು ಸೆಂಟಿನ ಈ ಫ್ಯೂಸಿಗೆ ನಾನು ಸರ್ವಿಸ್ ಚಾರ್ಜ್ 120 ಡಾಲರ್ ತೆತ್ತೆ. ನೆನಪಿಡಿ, ಬ್ರೇಕರ್ ಎರಡಿರುತ್ತವೆ, ಒಳಗಿನದ್ದು ಒಂದು, ಹೊರಗಿನದ್ದು ಒಂದು. ಥರ್ಮೋಸ್ಟಾಟ್ ವೈರುಗಳಿಗೆ 24 ವೋಲ್ಟ್ ಬರುವುದು ಒಳಗಿನ ಏರ್ ಹ್ಯಾಂಡ್ಲರಿನಿಂದ.

ಥರ್ಮೋಸ್ಟಾಟ್ ಹಿಂದೆ ಗೋಡೆಯಲ್ಲಿ ವೈರು ಬರುವ ತೂತು ಮುಚ್ಚಿದ್ದೀರಾ? ಗೋಡೆಯ ಟೊಳ್ಳಿನಿಂದ ಬರುವ ತಣ್ಣನೆ ಗಾಳಿ ಸೆನ್ಸರನ್ನೇ ತಾಗುತ್ತದೆ. ನನ್ನಲ್ಲಿ 2 ಡಿಗ್ರಿ ತಪ್ಪು ತೋರಿಸುತ್ತಿತ್ತು. ಒಂದು ಉಂಡೆ ಪ್ಲಂಬರ್ ಪುಟ್ಟಿಯಲ್ಲಿ ಸರಿಹೋಯಿತು. ಇಷ್ಟು ಅಗ್ಗದ ರಿಪೇರಿ ಇನ್ನೊಂದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೂ ಕೆಲವು ವಿಷಯ. ಥರ್ಮೋಸ್ಟಾಟ್ ಅಡುಗೆಮನೆಗೆ ತೆರೆದ ಹಾಲಿನಲ್ಲಿದ್ದರೆ, ಭಾನುವಾರ ಎರಡು ಒಲೆಯಲ್ಲಿ ದೋಸೆ ಶುರುವಾದ ಮೇಲೆ ಅದು 72 ಎಂದುಕೊಂಡು ಕೂರುತ್ತದೆ, ಮಲಗುವ ಕೋಣೆ 64ಕ್ಕೆ ಇಳಿಯುತ್ತದೆ. ರಿಮೋಟ್ ಸೆನ್ಸರ್ ಇದ್ದರೆ ಬೆಳಿಗ್ಗೆ ಹೊತ್ತು ಕೋಣೆಯದ್ದನ್ನೇ ಓದಿಸಿ. 66ರ ಮನೆಯಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲ ಎಂದು ಹೀಟ್ ಏರಿಸುವುದು ಬೇಡ. ಓವನ್ ಆಫ್ ಇಟ್ಟು ಒಳಗಿನ ಲೈಟು ಮಾತ್ರ ಹಾಕಿ ಪಾತ್ರೆ ಇಡಿ, ಬೆಳಿಗ್ಗೆ ಉಕ್ಕಿರುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ 69 ಸಾಲುವುದಿಲ್ಲ, 74 ಕೇಳುತ್ತಾರೆ, ಕೊಡಬೇಕಾದ್ದೇ. ಆದರೆ ಒಂದೇ ಸಲ ಬಟನ್ ಐದು ಬಾರಿ ಒತ್ತಿದರೆ ಡ್ರೂಪ್ ದಾಟುತ್ತದೆ. ಅವರಿರುವ ತಿಂಗಳುಗಳಿಗೆ ಇಡೀ ಪಟ್ಟಿಯನ್ನೇ ನಾಲ್ಕೈದು ಡಿಗ್ರಿ ಮೇಲಕ್ಕೆತ್ತಿ, ಇಲ್ಲವೇ ಅವರ ಕೋಣೆಗೆ 1,500 ವಾಟಿನ ಹೀಟರ್ ಇಡಿ. 10 ಕಿಲೋವಾಟ್ ಸ್ಟ್ರಿಪ್ಪಿಗಿಂತ ಅದು ಎಷ್ಟೋ ವಾಸಿ.

ಬೇಸಿಗೆಯಲ್ಲಿ ಸ್ಟ್ರಿಪ್ ಭಯವಿಲ್ಲ, ಹಗಲು ಯಾರೂ ಇಲ್ಲದಾಗ 79ಕ್ಕೆ ಬಿಟ್ಟು ಸಂಜೆ 75ಕ್ಕೆ ತರಬಹುದು. ಅದಕ್ಕಿಂತ ಮೇಲೆ ಬಿಟ್ಟರೆ ಇಲ್ಲಿನ ಸೆಕೆಗೆ ಒಳಗಿನ ತೇವ ಶೇಕಡಾ 60 ದಾಟುತ್ತದೆ. ಮಹಡಿಯಲ್ಲೂ ಕೆಳಗೂ ಒಂದೇ ತಾಪಮಾನ ಬರಲಿ ಎಂದು ಫ್ಯಾನನ್ನು ಗಂಟೆಗೆ 20 ನಿಮಿಷ ಸರ್ಕ್ಯುಲೇಟಿನಲ್ಲಿ ಓಡಿಸಿ ನೋಡಿದೆ. ತಾಪಮಾನ ಒಂದು ಡಿಗ್ರಿ ಸರಿಹೋಯಿತು, ತೇವ 50ರಿಂದ 57ಕ್ಕೆ ಏರಿತು. ಕಂಪ್ರೆಸರ್ ನಿಂತ ಮೇಲೂ ಒದ್ದೆ ಕಾಯಿಲಿನ ಮೇಲೆ ಗಾಳಿ ಹಾಯ್ದರೆ ಹಿಡಿದ ನೀರೆಲ್ಲ ಮತ್ತೆ ಮನೆಗೇ ಬರುತ್ತದೆ. ಫ್ಯಾನ್ ಆಟೋದಲ್ಲಿರಲಿ, ಕೂಲಿಂಗ್ ಮುಗಿದ ಮೇಲಿನ ಫ್ಯಾನ್ ಡಿಲೇ ಸೊನ್ನೆ ಇರಲಿ.

ದುಡ್ಡಿನ ಲೆಕ್ಕ. ಮೊದಲ ಜನವರಿ 1,950 ಯೂನಿಟ್, ಈ ಜನವರಿ 1,500ರ ಹತ್ತಿರ. ಚಳಿ ಹೆಚ್ಚುಕಡಿಮೆ ಇರಬಹುದಲ್ಲ ಎನ್ನುವವರಿಗೆ: ಹೀಟ್, ಏಸಿ ಎರಡೂ ಅಷ್ಟಾಗಿ ಓಡದ ಅಕ್ಟೋಬರ್ ಬಿಲ್ಲಿನ 650 ಯೂನಿಟ್ ಕಳೆದು, ಉಳಿದದ್ದನ್ನು ಹೀಟಿಂಗ್ ಡಿಗ್ರಿ ಡೇಗಳಿಂದ (ತಿಂಗಳ ಚಳಿಯ ಒಟ್ಟು ಅಳತೆ) ಭಾಗಿಸಿದರೆ ಆಗ 1.75 ಯೂನಿಟ್, ಈಗ 1.2. ಒಂದು ಚಳಿಗಾಲಕ್ಕೆ 130, 140 ಡಾಲರ್ ಉಳಿತಾಯ. ದಂಡವಾದ ಮೊದಲ ಥರ್ಮೋಸ್ಟಾಟೂ ಆ ಫ್ಯೂಸೂ ಸೇರಿ ಹಾಕಿದ್ದು 345. ಎರಡೂವರೆ ಚಳಿಗಾಲಕ್ಕೆ ಅಸಲು ಹುಟ್ಟುತ್ತದೆ. ನೀವು ನೇರ ಸರಿಯಾದದ್ದನ್ನೇ ಕೊಂಡರೆ ಒಂದೂಕಾಲು ಸಾಕು.

ಮಾರ್ಚಿನ ಎರಡನೇ ಭಾನುವಾರ, ನವೆಂಬರಿನ ಮೊದಲ ಭಾನುವಾರ ಗಡಿಯಾರ ಬದಲಾಗುತ್ತದೆ. ವೈಫೈ ಇಲ್ಲದ ಮಾಡೆಲಾದರೆ ಅವತ್ತೇ ಸಮಯ ನೋಡಿ, ತಿದ್ದದೆ ಬಿಟ್ಟರೆ ಮೆಟ್ಟಿಲುಗಳೆಲ್ಲ ಒಂದು ಗಂಟೆ ಜರುಗಿರುತ್ತವೆ.