ಬಾಣ ಇಲ್ಲದ ಕಡೆಯೂ ಕಾರಣ ಬರೆಯಬೇಕು

ಗ್ರಾಫ್ ಅಂದರೆ ನೋಡ್ ಎಂಬ ಬಿಂದುಗಳು, ಅವನ್ನು ಜೋಡಿಸುವ ಎಡ್ಜ್ ಎಂಬ ಗೆರೆಗಳು. ಅದರ ‘ಅಗಲ’, ಅಂದರೆ ಅದು ಎಷ್ಟು ಜಟಿಲ ಎಂಬುದನ್ನು ಅಳೆಯಲು ಹತ್ತಾರು ಬಗೆಗಳಿವೆ. ಸಂಶೋಧನೆಗೆ ಸೇರಿದ ಹೊಸತರಲ್ಲಿ ಅವುಗಳ ವ್ಯಾಖ್ಯೆಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಆದರೆ ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಎಂದರೆ ತಡವರಿಸುತ್ತಿದ್ದೆ. ಅದಕ್ಕೇ ದೊಡ್ಡ ಹಾಳೆ ಹಿಡಿದು ಕೂತೆ. ಒಂದು ಅಳತೆ ಚಿಕ್ಕದಾದಾಗಲೆಲ್ಲ ಇನ್ನೊಂದೂ ಮಿತಿಯಲ್ಲೇ ಇದ್ದರೆ ಅದರಿಂದ ಇದಕ್ಕೆ ಬಾಣ, ಅಷ್ಟೇ ನಿಯಮ.

ಟ್ರೀಡೆಪ್ತ್, ಕಟ್‌ವಿಡ್ತ್ ಎಂಬ ಎರಡು ಅಳತೆಗಳಿಂದಲೂ ಪಾತ್‌ವಿಡ್ತ್ (ಗ್ರಾಫ್ ಒಂದು ನೇರ ಸಾಲಿಗೆ ಎಷ್ಟು ಹತ್ತಿರ ಎಂಬ ಅಳತೆ) ಕಡೆಗೆ ಬಾಣ ಬರುತ್ತದೆ. ಹಾಗಾದರೆ ಅವೆರಡರ ನಡುವೆಯೂ ಒಂದು ಇರಲೇಬೇಕು ಅಂದುಕೊಂಡು, ಕಟ್‌ವಿಡ್ತ್‌ನಿಂದ ಟ್ರೀಡೆಪ್ತ್‌ಗೆ ಎಳೆದುಬಿಟ್ಟೆ. ಎರಡು ದಿನ ಪ್ರೂಫ್ ಹುಡುಕಿದೆ, ಸಿಗಲಿಲ್ಲ. ಗೈಡ್ ಮೇಡಂ ಹಾಳೆ ನೋಡಿ, “ಸುಮ್ನೆ ಒಂದು ಉದ್ದನೆಯ ಪಾತ್ ಹಾಕಿ ನೋಡಿದ್ಯಾ?” ಅಂದರು.

ನೋಡಿರಲಿಲ್ಲ. ಕಟ್‌ವಿಡ್ತ್ ಅಂದರೆ ನೋಡ್‌ಗಳನ್ನು ಆದಷ್ಟು ಚೆನ್ನಾಗಿ ಒಂದೇ ಸಾಲಿನಲ್ಲಿಟ್ಟು ಕತ್ತರಿಸಿದಾಗ ಒಂದೇ ಜಾಗದಲ್ಲಿ ತುಂಡಾಗುವ ಎಡ್ಜ್‌ಗಳ ಗರಿಷ್ಠ ಸಂಖ್ಯೆ. 1,023 ನೋಡ್‌ಗಳ ಪಾತ್ ತಗೊಳ್ಳಿ. ಮುತ್ತಿನ ಸರದ ಹಾಗೆ ಸಾಲಾಗಿದೆ, ಎಲ್ಲಿ ಕತ್ತರಿಸಿದರೂ ತುಂಡಾಗುವುದು ಒಂದೇ ಎಡ್ಜ್. ಕಟ್‌ವಿಡ್ತ್ 1. ಟ್ರೀಡೆಪ್ತ್‌ಗೆ ಏನೂ ಉಳಿಯದ ತನಕ ಪ್ರತಿ ಸುತ್ತಿನಲ್ಲಿ ಪ್ರತಿ ತುಂಡಿನಿಂದ ಒಂದು ನೋಡ್ ತೆಗೆಯಬೇಕು, ಬೇಕಾಗುವ ಕನಿಷ್ಠ ಸುತ್ತುಗಳೇ ಅದರ ಬೆಲೆ. ನಡುವಿನದನ್ನೇ ತೆಗೆಯುತ್ತ ಹೋದರೂ 10 ಸುತ್ತು ಬೇಕು. ಪಾತ್ ಉದ್ದವಾದಷ್ಟೂ ಇದು ಬೆಳೆಯುತ್ತಲೇ ಇರುತ್ತದೆ. ತಿರುಗಿಸಿ ಎಳೆಯೋಣ ಅಂದರೆ ಸ್ಟಾರ್, ಅಂದರೆ ನಡುವಿನ ಒಂದೇ ನೋಡ್‌ಗೆ ಉಳಿದ ಎಲ್ಲವೂ (ಎಲೆಗಳು) ಅಂಟಿಕೊಂಡ ಗ್ರಾಫ್, ಅಡ್ಡ ಬರುತ್ತದೆ. 1,000 ಎಲೆಗಳ ಸ್ಟಾರ್‌ನಲ್ಲಿ ನಡುವಿನ ನೋಡ್ ತೆಗೆದರೆ ಎಲ್ಲ ಬಿಡಿಬಿಡಿ, ಟ್ರೀಡೆಪ್ತ್ 2. ಕಟ್‌ವಿಡ್ತ್ ಮಾತ್ರ 500: ಆ ನೋಡನ್ನು ಸಾಲಿನ ನಟ್ಟನಡುವೆ ಇಟ್ಟರೂ ಒಂದೊಂದು ಕಡೆ 500 ಎಡ್ಜ್. ಅಂದರೆ ಯಾವ ಕಡೆಗೂ ಬಾಣ ಇಲ್ಲ.

ಅಂದಿನಿಂದ ಪ್ರೂಫ್‌ಗೆ ಕೈ ಹಾಕುವ ಮೊದಲು ನಾಲ್ಕು ಗ್ರಾಫ್ ಹಾಕಿ ನೋಡುತ್ತೇನೆ: ಪಾತ್, ಸ್ಟಾರ್, ಕಂಪ್ಲೀಟ್ ಗ್ರಾಫ್ (ಪ್ರತಿ ಎರಡು ನೋಡ್‌ಗಳ ನಡುವೆಯೂ ಎಡ್ಜ್), ಗ್ರಿಡ್ (ಚೌಕಳಿ ಜಾಲ). ಅರ್ಧಕ್ಕಿಂತ ಜಾಸ್ತಿ ತಪ್ಪು ಊಹೆಗಳು ಇಲ್ಲೇ ಬೀಳುತ್ತವೆ. ಇನ್ನೆರಡು ಅಳತೆ ನೋಡಿ: ಗ್ರಾಫ್ ಮರದ ಆಕಾರಕ್ಕೆ ಎಷ್ಟು ಹತ್ತಿರ ಎಂದು ಹೇಳುವ ಟ್ರೀವಿಡ್ತ್, ಗ್ರಾಫ್ ಕಟ್ಟಲು ಎಷ್ಟು ಲೇಬಲ್ ಸಾಕು ಎಂದು ಹೇಳುವ ಕ್ಲಿಕ್‌ವಿಡ್ತ್. 1,000 ನೋಡ್‌ಗಳ ಕಂಪ್ಲೀಟ್ ಗ್ರಾಫಿನ ಟ್ರೀವಿಡ್ತ್ 999, ಕ್ಲಿಕ್‌ವಿಡ್ತ್ ಬರೀ 2. 30×30 ಗ್ರಿಡ್‌ನ ಕ್ಲಿಕ್‌ವಿಡ್ತ್ 31. ಆದರೆ 2020ರಲ್ಲಿ ಬಂದ ಟ್ವಿನ್‌ವಿಡ್ತ್ ಎಂಬ ಅಳತೆ, ಗ್ರಿಡ್ ಎಷ್ಟೇ ದೊಡ್ಡದಾದರೂ, 4 ದಾಟುವುದಿಲ್ಲ. ಎಷ್ಟು ಚಂದ ಅಲ್ವಾ!

ಬಾಣದ ದಿಕ್ಕಿಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಟ್ರೀವಿಡ್ತ್‌ನಿಂದ ಕ್ಲಿಕ್‌ವಿಡ್ತ್‌ಗೆ ಬಾಣ ಇದೆ, ವಾಪಸ್ ಇಲ್ಲ. ಹ್ಯಾಮಿಲ್ಟನ್ ಸೈಕಲ್ (ಎಲ್ಲ ನೋಡ್‌ಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಶುರುವಾದಲ್ಲಿಗೇ ಬರುವ ದಾರಿ) ಹುಡುಕುವಾಗ ಟ್ರೀವಿಡ್ತ್ ಎಷ್ಟಿದ್ದರೂ, ಅಲ್ಗಾರಿದಮ್‌ಗೆ ಹಿಡಿಯುವ ಸಮಯದ ಲೆಕ್ಕದಲ್ಲಿ ನೋಡ್‌ಗಳ ಸಂಖ್ಯೆಯ ಘಾತ ಬೆಳೆಯುವುದಿಲ್ಲ. ಕ್ಲಿಕ್‌ವಿಡ್ತ್ ಆದರೆ ಆ ಘಾತದಲ್ಲೇ ಬಂದು ಕೂರುತ್ತದೆ, ತಪ್ಪಿಸಲಾಗದು ಎಂದೇ ನಂಬಿಕೆ. ಬಾಣ ತಿರುಗಾಮುರುಗಾ ಆದರೆ ಇಲ್ಲದ ಅಲ್ಗಾರಿದಮ್ ಇದೆ ಎಂದು ಬರೆದಂತಾಗುತ್ತದೆ.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅಳಿಸಿದ ಬಾಣದ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: ಈ ಕಡೆಗೆ ಪಾತ್, ಆ ಕಡೆಗೆ ಸ್ಟಾರ್.